ತುಮಕೂರಿನಲ್ಲಿ ಕೂತು ಆಡಿ ಟಿಟಿ ಮಾರಿದ್ದು: ಏಳು ತಿಂಗಳ ಲೆಕ್ಕ

ಗಾಡಿ 2016ರ ಆಡಿ ಟಿಟಿ ಎಂಬ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ಕೆಎ-06 ನೋಂದಣಿ, ಒಬ್ಬರೇ ಮಾಲೀಕರು, 41 ಸಾವಿರ ಕಿಲೋಮೀಟರ್. 2.0 ಲೀಟರ್ ಟರ್ಬೊ ಪೆಟ್ರೋಲ್, 230 ಅಶ್ವಶಕ್ತಿ, ಆರು ಗೇರಿನ ಎಸ್ ಟ್ರಾನಿಕ್ ಆಟೋಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕ್ವಾಟ್ರೋ. ಹೊಸದರಲ್ಲಿ ಷೋರೂಂ ಬೆಲೆಯೇ 60 ಲಕ್ಷದ ಮೇಲಿತ್ತು. ಅದರ ಮೇಲೆ ಶೇ 18ರ ಆಜೀವ ತೆರಿಗೆ, ಸೆಸ್ ಬೇರೆ. 2025ರ ಜೂನ್ ಕೊನೆಯಲ್ಲಿ 29 ಲಕ್ಷಕ್ಕೆ ಮಾರಾಟಕ್ಕಿಟ್ಟೆ. 2026ರ ಜನವರಿ ಕೊನೆಯಲ್ಲಿ 23.4 ಲಕ್ಷಕ್ಕೆ ಹೋಯಿತು. ಇಂಥ ಗಾಡಿ ಇಟ್ಟುಕೊಂಡು ಈಗ ಮಾರಲು ಹೊರಟವರಿಗೆ ಈ ನಡುವಿನ ಏಳು ತಿಂಗಳು ಉಪಯೋಗಕ್ಕೆ ಬರಬಹುದೆಂದು ಎಲ್ಲವನ್ನೂ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ತಪ್ಪು ತಿಂಗಳಿನದು. ಜೂನ್ 26ಕ್ಕೆ ಆಷಾಢ ಹಿಡಿಯಿತು. ನಮ್ಮ ಕಡೆ ಆಷಾಢದಲ್ಲಿ ಸ್ಕೂಟರ್ ಕೂಡ ಮನೆಗೆ ತರುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಗೂ ಅದೇ ನಿಯಮ. ಆಮೇಲೆ ಶ್ರಾವಣ ತೆರೆದುಕೊಳ್ಳುತ್ತದೆ, ಭಾದ್ರಪದದಲ್ಲಿ ಪಿತೃಪಕ್ಷ ಮುಚ್ಚುತ್ತದೆ, ನವರಾತ್ರಿಯಿಂದ ಕಾರ್ತಿಕದವರೆಗೆ ಮತ್ತೆ ತೆರೆದಿರುತ್ತದೆ, ಧನುರ್ಮಾಸ ಬಂದರೆ ಸಂಕ್ರಾಂತಿಯವರೆಗೆ ಮತ್ತೆ ಬಾಗಿಲು ಹಾಕುತ್ತದೆ. ಆಷಾಢದಲ್ಲಿ ಜಾಹೀರಾತು ಹಾಕಿದರೆ ಶ್ರಾವಣ ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ‘ಒಂದು ತಿಂಗಳಿಂದ ಬಿದ್ದಿದೆ, ಏನೋ ತೊಂದರೆ ಇರಬೇಕು’ ಎನ್ನುವ ಅನುಮಾನ ಅಲ್ಲಿಂದಲೇ ಶುರು. ಆ ತಿಂಗಳನ್ನು ಕಾಗದಪತ್ರಕ್ಕೆ, ರಿಪೇರಿಗೆ, ಫೋಟೋಗೆ ಬಳಸಿ ಶ್ರಾವಣದ ಮೊದಲ ವಾರ ಜಾಹೀರಾತು ಹಾಕಬೇಕಿತ್ತು.

ಎರಡನೆಯ ತಪ್ಪು ಬೆಲೆಯದು, ಎಲ್ಲಕ್ಕಿಂತ ದುಬಾರಿಯಾದದ್ದು ಇದೇ. ದಕ್ಷಿಣದ ಐದು ರಾಜ್ಯಗಳಲ್ಲಿ ಇದೇ ಮಾದರಿಯ ಒಂಬತ್ತು ಜಾಹೀರಾತು ಸಿಕ್ಕವು, 24ರಿಂದ 34 ಲಕ್ಷದವರೆಗೆ. ಸರಾಸರಿ ಹಾಕಿ 29 ಎಂದೆ. ಆದರೆ ಜಾಹೀರಾತಿನ ಬೆಲೆ ಮಾರುವವನ ಆಸೆ ಮಾತ್ರ. ಮೂರು ವಾರ ಗಮನಿಸಿದಾಗ ಮಾಯವಾದದ್ದು ಎರಡೇ ಗಾಡಿ, ಎರಡೂ 26ರ ಕೆಳಗಿನವು. 30 ದಾಟಿದವು ಏಳು ತಿಂಗಳ ನಂತರವೂ ಅಲ್ಲೇ ಇದ್ದವು. ನಿಜವಾದ ಬೆಲೆ ತಿಳಿಯಲು ಎರಡು ತುದಿ ಹಿಡಿಯಬೇಕು. ಕೆಳಗಿನ ತುದಿ, ಬೆಂಗಳೂರಿನ ಡೀಲರ್ ಇವತ್ತೇ ಹಣ ಕೊಟ್ಟು ಕೊಳ್ಳುವ ಬೆಲೆ. ನನಗೆ ಬಂದದ್ದು 18.5 ಲಕ್ಷ. ಮೇಲಿನ ತುದಿ, ಅದೇ ಡೀಲರ್ ತಯಾರು ಮಾಡಿ ವಾರಂಟಿ ಕೊಟ್ಟು ಮಾರುವ ಬೆಲೆ, ಸುಮಾರು 25. ನಡುವಿನ ಆರೂವರೆ ಲಕ್ಷದಲ್ಲಿ ಅವರ ರಿಪೇರಿ, ಬಡ್ಡಿ, ಜಾಗದ ಬಾಡಿಗೆ, ಲಾಭ, ಲಾಭದ ಮೇಲೆ ಶೇ 18ರ ಜಿಎಸ್‌ಟಿ ಎಲ್ಲ ಸೇರಿರುತ್ತದೆ. ವಾರಂಟಿ ಕೊಡಲಾಗದ ಖಾಸಗಿ ಮಾಲೀಕನಿಗೆ ಡೀಲರ್ ಬೆಲೆ ಬರುವುದಿಲ್ಲ. ಹಾಗಾಗಿ ನಮ್ಮ ಜಾಗ ಎರಡರ ನಡುವೆ, 22ರಿಂದ 24. ಕೇಳುವ ಬೆಲೆ 25.5 ಇಟ್ಟಿದ್ದರೆ ಚೌಕಾಸಿಗೂ ಜಾಗ ಇರುತ್ತಿತ್ತು, ಕರೆಗಳೂ ಬರುತ್ತಿದ್ದವು.

ಹತ್ತು ವರ್ಷದ ಸ್ಪೋರ್ಟ್ಸ್ ಕಾರಿಗೆ ಗಿರಾಕಿ ಏಕೆ ಕಡಿಮೆ ಎಂಬುದನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ಸಾಲ ಮುಗಿಯುವ ಹೊತ್ತಿಗೆ ಗಾಡಿಗೆ ಹತ್ತು ವರ್ಷ ದಾಟಬಾರದು ಎನ್ನುವ ಬ್ಯಾಂಕುಗಳೇ ಹೆಚ್ಚು, ಆದ್ದರಿಂದ ಪೂರ್ತಿ ಹಣ ಕೈಯಲ್ಲಿರುವವರು ಮಾತ್ರ ಉಳಿಯುತ್ತಾರೆ. ಅವರಲ್ಲೂ ಎರಡು ಬಾಗಿಲಿನ, ಹಿಂದಿನ ಸೀಟಿನಲ್ಲಿ ಮಗುವಷ್ಟೇ ಕೂರಬಹುದಾದ ಗಾಡಿ ಬೇಕೆನ್ನುವವರು ಬೆರಳೆಣಿಕೆ. ಟಿಟಿ ತಯಾರಿಕೆ 2023ರ ನವೆಂಬರ್‌ನಲ್ಲಿ ಪೂರ್ತಿ ನಿಂತುಹೋಯಿತು, ಆದ್ದರಿಂದ ‘ಬಿಡಿಭಾಗ ಸಿಗುತ್ತಾ’ ಎನ್ನುವುದು ಪ್ರತಿ ಕರೆಯ ಎರಡನೇ ಪ್ರಶ್ನೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ ಶಕ್ತಿ ಸಾಗಿಸುವ ಕ್ವಾಟ್ರೋ ಕಪ್ಲಿಂಗ್ ಎಲ್ಲ ಫೋಕ್ಸ್‌ವ್ಯಾಗನ್ ಗುಂಪಿನ ಬೇರೆ ಗಾಡಿಗಳಲ್ಲೂ ಇರುವ ಕುಟುಂಬದವೇ, ಅವು ಸಿಗುತ್ತವೆ. ಕಷ್ಟವಾಗುವುದು ಬಾಡಿಯ ಭಾಗಗಳು: ಬಂಪರ್, ದೀಪ, ಬಾಗಿಲಿನ ಗಾಜು. ಈ ಉತ್ತರವನ್ನು ಜಾಹೀರಾತಿನಲ್ಲೇ ಬರೆದ ಮೇಲೆ ಆ ಪ್ರಶ್ನೆ ಕಡಿಮೆಯಾಯಿತು.

ಜುಲೈ, ಆಗಸ್ಟ್‌ನಲ್ಲಿ ಬಂದ ಕರೆಗಳಲ್ಲಿ ಹೆಚ್ಚಿನವು ‘ಲಾಸ್ಟ್ ರೇಟ್ ಎಷ್ಟು’ ಎಂಬಲ್ಲಿಗೇ ಮುಗಿದವು. ಗಾಡಿ ನೋಡದೆ ಕೊನೆಯ ಬೆಲೆ ಹೇಳಬೇಡಿ. ಹೇಳಿದ ಕ್ಷಣದಿಂದ ಅದೇ ಆರಂಭದ ಬೆಲೆಯಾಗುತ್ತದೆ. ‘ಬಂದು ನೋಡಿ, ಇಷ್ಟವಾದರೆ ಕೂತು ಮಾತಾಡೋಣ’ ಎಂದರೆ ನಿಜವಾಗಿ ಬೇಕಾದವರು ಬರುತ್ತಾರೆ. ಏಳು ತಿಂಗಳಲ್ಲಿ ಸುಮಾರು 140 ಕರೆ, ಹನ್ನೊಂದು ಜನ ಬಂದರು, ಹಣದ ಮಾತಿಗೆ ಕೂತವರು ಮೂವರು.

ಬೆಂಗಳೂರಿನ ಒಬ್ಬ ಡೀಲರ್ ‘ನಮ್ಮ ಅಂಗಳದಲ್ಲಿ ನಿಲ್ಲಿಸಿ, ಮಾರಿ ಕೊಡುತ್ತೇವೆ, ಕಮಿಷನ್ ಶೇ 3’ ಎಂದರು. ಇದರಲ್ಲಿ ತಪ್ಪೇನಿಲ್ಲ. ತುಮಕೂರಿನಲ್ಲಿ ನಿಂತ ಗಾಡಿ ನೋಡಲು 70 ಕಿಲೋಮೀಟರ್ ಬರುವವರಿಗಿಂತ ಅಲ್ಲಿಗೇ ಹೋಗುವವರು ಹೆಚ್ಚು. ಆದರೆ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿಕೊಡಿ ಎಂದು ಕೇಳಿದರು. ಅಲ್ಲೇ ಹಿಂದೆ ಸರಿದೆ. ಖಾಲಿ ಸಹಿ ಕೊಟ್ಟರೆ ಗಾಡಿ ಯಾರ ಕೈಗೆ ಹೋಯಿತು, ಯಾವ ದಿನ ಹೋಯಿತು ಎಂಬುದಕ್ಕೆ ನಮ್ಮ ಬಳಿ ದಾಖಲೆಯೇ ಇರುವುದಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಹೊಣೆ ಬಂದದ್ದು ಆರ್‌ಸಿಯಲ್ಲಿ ಹೆಸರಿದ್ದವರ ಮೇಲೆ. ಡೀಲರ್ ಬಳಿ ಬಿಡುವುದೇ ಆದರೆ ಅವರು ಆರ್‌ಟಿಒ ಅಧಿಕೃತ ಪ್ರಮಾಣಪತ್ರ ಪಡೆದವರೇ ನೋಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಪೋರ್ಟಲ್‌ನಲ್ಲಿ ದಾಖಲಿಸಬೇಕು, ಅಲ್ಲಿಂದ ಗಾಡಿಯ ಹೊಣೆ ಡೀಲರ್‌ದು. ದಾಖಲಿಸುವುದಿಲ್ಲ ಎನ್ನುವವರ ಅಂಗಳದಲ್ಲಿ ಬಿಡಬೇಡಿ.

ಸೆಪ್ಟೆಂಬರ್ ಎಲ್ಲವನ್ನೂ ತಲೆಕೆಳಗು ಮಾಡಿತು. ಜಿಎಸ್‌ಟಿ ಕೌನ್ಸಿಲ್ ಸೆಪ್ಟೆಂಬರ್ 3ರಂದು ಹೊಸ ದರ ಘೋಷಿಸಿತು, 22ರಿಂದ ಜಾರಿ. ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ ಸೇರಿ ಶೇ 50 ಇದ್ದ ತೆರಿಗೆ ಶೇ 40ಕ್ಕೆ ಇಳಿಯಿತು. 100 ರೂಪಾಯಿ ಮೂಲ ಬೆಲೆಗೆ ತೆರಿಗೆ ಸೇರಿ 150 ಕೊಡುತ್ತಿದ್ದ ಜಾಗದಲ್ಲಿ 140, ಅಂದರೆ ಬೆಲೆಯಲ್ಲಿ ಶೇ 6.7ರ ಇಳಿಕೆ. 30 ಲಕ್ಷದ ಹೊಸ ಎಸ್‌ಯುವಿ ಎರಡು ಲಕ್ಷ ಅಗ್ಗ. ನಮ್ಮ ಗಾಡಿಯ ಪ್ರತಿಸ್ಪರ್ಧಿ ಇನ್ನೊಂದು ಟಿಟಿ ಅಲ್ಲ, ಅದೇ ಹಣಕ್ಕೆ ವಾರಂಟಿ ಸಮೇತ ಸಿಗುವ ಹೊಸ ಎಸ್‌ಯುವಿ. ಈ ಮಾತು ನನಗೆ ಅರ್ಥವಾದದ್ದು ಆಗ. ಅದರ ಜೊತೆಗೆ ಪಿತೃಪಕ್ಷ. ಮೂರು ವಾರ ಫೋನ್ ಮೌನ. ಮನಸ್ಸಿಗೆ ಬಹಳ ಬೇಸರವಾದ ದಿನಗಳವು. ಪ್ರೀತಿಯಿಂದ ನೋಡಿಕೊಂಡ ಗಾಡಿ ಯಾರಿಗೂ ಬೇಡವಾಯಿತಲ್ಲ ಎನಿಸುತ್ತದೆ. ಆ ಹೊತ್ತಿನಲ್ಲಿ ಬಂದ 20.5ರ ಕೊಡುಗೆಗೆ ಕೈ ಮುಂದೆ ಹೋಗುತ್ತದೆ. ತಡೆದುಕೊಂಡು ಲೆಕ್ಕ ಹಾಕಿದೆ: ವಿಮೆ ತಿಂಗಳಿಗೆ 5,200, 24 ಲಕ್ಷ ಶೇ 6.5ರ ಠೇವಣಿಯಲ್ಲಿದ್ದರೆ ಬರುತ್ತಿದ್ದ ಬಡ್ಡಿ 13,000. ತಿಂಗಳಿಗೆ 18,200 ರೂಪಾಯಿ. ಮೂರು ತಿಂಗಳು ಕಾದರೆ 55 ಸಾವಿರ. ಕಾದು ಎರಡು ಲಕ್ಷ ಹೆಚ್ಚು ಬರುವ ಸಾಧ್ಯತೆ ಇದ್ದರೆ ಕಾಯಬಹುದು, ಆದರೆ ಗಾಡಿಯಲ್ಲಿ ಏನನ್ನೂ ಬದಲಿಸದೆ ಕಾಯುವುದರಿಂದ ಆ ಎರಡು ಲಕ್ಷ ಬರುವುದಿಲ್ಲ.

ಬೆಲೆಯನ್ನು ಆಯುಧಪೂಜೆಗೆ ಮೊದಲು 25.5ಕ್ಕೆ ಒಂದೇ ಸಲ ಇಳಿಸಿದೆ. ಅದಕ್ಕೂ ಮೊದಲು 29, 28.5, 28, 27.5 ಎಂದು ತೊಟ್ಟು ತೊಟ್ಟಾಗಿ ಇಳಿಸಿದ್ದು ಹಾನಿಯನ್ನೇ ಮಾಡಿತ್ತು. ನೋಡುವವರು ‘ಇನ್ನೂ ಇಳಿಯುತ್ತದೆ’ ಎಂದು ಕಾಯುತ್ತಾರೆ. ಇಳಿಸುವುದಾದರೆ ಒಮ್ಮೆ, ದೊಡ್ಡದಾಗಿ, ಹಳೆಯ ಜಾಹೀರಾತು ತೆಗೆದು ಹೊಸ ಫೋಟೋಗಳೊಂದಿಗೆ.

ಅದೇ ವಾರ ಗಾಡಿಯನ್ನು ಬೆಂಗಳೂರಿನ ವರ್ಕ್‌ಶಾಪಿನಲ್ಲಿ ನನ್ನ ಖರ್ಚಿನಲ್ಲೇ ಪೂರ್ತಿ ತಪಾಸಣೆ ಮಾಡಿಸಿದೆ. ಕೊಳ್ಳುವವನ ಮೆಕ್ಯಾನಿಕ್ ಕಂಡುಹಿಡಿದ ದೋಷಕ್ಕೆ ರಿಪೇರಿ ಖರ್ಚಿನ ಎರಡು ಪಟ್ಟು ಕಡಿತ ಬೀಳುತ್ತದೆ, ನಾವೇ ಕಂಡುಹಿಡಿದು ಬಿಲ್ ಇಟ್ಟರೆ ಆ ಮಾತೇ ಇರುವುದಿಲ್ಲ. ಸಿಕ್ಕ ದೋಷಗಳು ನಾಲ್ಕು. ಥರ್ಮೋಸ್ಟಾಟ್ ಮತ್ತು ನೀರಿನ ಪಂಪಿನ ಪ್ಲಾಸ್ಟಿಕ್ ಹೌಸಿಂಗ್‌ನಲ್ಲಿ ಕೂಲಂಟ್ ಒಸರುತ್ತಿತ್ತು. ಈ ಎಂಜಿನ್‌ಗೆ ಇದು ಗೊತ್ತಿರುವ ಕಾಯಿಲೆ, ಹೌಸಿಂಗ್ ಸುತ್ತ ಗುಲಾಬಿ ಬಣ್ಣದ ಹರಳುಗಟ್ಟಿದ ಕಲೆ ಕಂಡರೆ ಅದೇ. 38,000. ಕ್ವಾಟ್ರೋದ ಹ್ಯಾಲ್ಡೆಕ್ಸ್ ಕಪ್ಲಿಂಗ್‌ಗೆ ಮೂರು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು. ಎಣ್ಣೆ ಬದಲಿಸಿ ಬಿಟ್ಟುಬಿಡುತ್ತಾರೆ, ಆದರೆ ಪಂಪಿನ ಬಾಯಿಯಲ್ಲಿರುವ ಸಣ್ಣ ಜಾಲರಿ ಕ್ಲಚ್ ಪುಡಿಯಿಂದ ಕಟ್ಟಿಕೊಂಡು ಪಂಪ್ ಸುಡುವುದು ಅಲ್ಲಿಯೇ. ಜಾಲರಿಯನ್ನೂ ಬಿಚ್ಚಿ ತೊಳೆಯಿರಿ ಎಂದು ಹೇಳಿಯೇ ಮಾಡಿಸಬೇಕು, ಫೋಟೋ ತೆಗೆಸಿಕೊಳ್ಳಬೇಕು. 9,500. ಬ್ಯಾಟರಿ ಸೋತಿತ್ತು, ಎಜಿಎಂ ಮಾದರಿಯದೇ ಹಾಕಬೇಕು, 21,000. ಮಾರಾಟಕ್ಕೆ ನಿಂತ ಗಾಡಿ ಓಡುವುದು ಕಡಿಮೆ, ನೋಡಲು ಬಂದವರ ಮುಂದೆ ಸ್ಟಾರ್ಟ್ ಆಗದಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯಿತು. ನಿಧಾನ ಚಾರ್ಜರ್ ಒಂದನ್ನು ಗ್ಯಾರೇಜಿನಲ್ಲಿ ಸದಾ ಸಿಕ್ಕಿಸಿಡಿ.

ಕೊನೆಯದು ಟೈರ್. 245/40 ಆರ್18 ಅಳತೆ, ಕಚ್ಚು (ಟ್ರೆಡ್) ಇನ್ನೂ 4 ಮಿಲಿಮೀಟರ್ ಇತ್ತು, ಆದರೆ ಪಕ್ಕದ ಸಂಕೇತ 2318, ಅಂದರೆ 2018ರ 23ನೇ ವಾರದ ತಯಾರಿಕೆ. ಏಳು ವರ್ಷದ ರಬ್ಬರ್ ಗಟ್ಟಿಯಾಗಿ ಸದ್ದು ಮಾಡುತ್ತಿತ್ತು. ಬಂದವರೆಲ್ಲ ಟೈರ್ ನೋಡಿ ಒಂದೂವರೆ ಲಕ್ಷ ಕಳೆಯುತ್ತಿದ್ದರು. ನಾಲ್ಕಕ್ಕೆ ಆದದ್ದು 78,000. ಎರಡೇ ಬದಲಿಸಿ ಉಳಿಸುವ ಯೋಚನೆ ಬೇಡ. ಕ್ವಾಟ್ರೋದಲ್ಲಿ ಮುಂದಿನ, ಹಿಂದಿನ ಚಕ್ರದ ಸುತ್ತಳತೆ ಬೇರೆಯಾದರೆ ಕಪ್ಲಿಂಗ್ ಮೇಲೆ ಒತ್ತಡ ಬೀಳುತ್ತದೆ, ತಿಳಿದ ಗಿರಾಕಿ ಅದನ್ನು ಮೊದಲು ನೋಡುತ್ತಾನೆ.

ಒಟ್ಟು 1,46,500 ರೂಪಾಯಿ. ಇಷ್ಟು ಹಣವನ್ನು ಬೆಲೆಯಲ್ಲೇ ಇಳಿಸಿದ್ದರೆ ಆಗದ ಕೆಲಸ ಇದರಿಂದ ಆಯಿತು. ಹಳೆಯ ಜರ್ಮನ್ ಗಾಡಿ ಕೊಳ್ಳುವವನಿಗೆ 25 ಲಕ್ಷಕ್ಕಿಂತ ಹೆಚ್ಚಿನ ಭಯ ಮುಂದಿನ ಆರು ತಿಂಗಳಲ್ಲಿ ಬರಬಹುದಾದ ಬಿಲ್ಲಿನದು. ಅದನ್ನು ಕಳೆಯುವ ಖರ್ಚು ಮಾತ್ರ ಹಿಂತಿರುಗಿ ಬರುತ್ತದೆ. ಅಲಾಯ್ ಹೊಳಪು ಹಾಕಿಸುವುದು, ಬಣ್ಣ ಹೊಡೆಸುವುದು, ಸೈಲೆನ್ಸರ್ ಬದಲಾವಣೆ ಯಾವುದೂ ಬರುವುದಿಲ್ಲ. ಹೊಸ ಬಣ್ಣ ಅಂದರೆ ಅಪಘಾತ ಮುಚ್ಚಿಡುತ್ತಿದ್ದಾರೆ ಎಂದೇ ಓದುತ್ತಾರೆ. ಇಸಿಯು ರೀಮ್ಯಾಪ್ ಆಗಿದ್ದರೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿದ್ದರೆ, ಮೂಲ ಸಾಫ್ಟ್‌ವೇರ್‌ಗೆ ಹಿಂದಿರುಗಿಸಿ ಅದರ ಬಿಲ್ ಇಟ್ಟುಕೊಳ್ಳಿ.

ನವೆಂಬರ್‌ನಲ್ಲಿ ಮೊದಲ ಗಟ್ಟಿ ಗಿರಾಕಿ ಸಿಕ್ಕರು, 24ಕ್ಕೆ ಮಾತಾಯಿತು. ಟೋಕನ್ ಕೊಡುವ ಮೊದಲು ಅವರು ಸರ್ಕಾರದ ವಾಹನ್ ಪೋರ್ಟಲ್ ತೆಗೆದು ನೋಡಿದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್ (ಗಾಡಿ ಸಾಲಕ್ಕೆ ಒತ್ತೆ ಇದೆ ಎಂಬ ನಮೂದು) ಹಾಗೇ ಇದೆ. ಸಾಲ ಮುಗಿದದ್ದು 2021ರಲ್ಲಿ. ಆಗ ಬ್ಯಾಂಕ್ ಕೊಟ್ಟ ಎನ್‌ಒಸಿಯನ್ನು (ನಿರಾಕ್ಷೇಪಣಾ ಪತ್ರ) ಆರ್‌ಟಿಒಗೆ ಒಪ್ಪಿಸದೆ ಫೈಲಿನಲ್ಲಿಟ್ಟಿದ್ದೆ. ಅದರ ಅವಧಿ ಎಂದೋ ಮುಗಿದಿತ್ತು. ಹೊಸ ಎನ್‌ಒಸಿಗೆ ಅರ್ಜಿ ಕೊಟ್ಟರೆ ಶಾಖೆ ಬೆಂಗಳೂರಿಗೆ ಕಳಿಸಿತು, ಅಲ್ಲಿಂದ ಇನ್ನೊಂದು ಊರಿನ ಕೇಂದ್ರ ವಿಭಾಗ. ಕೈಗೆ ಬರಲು ಐದು ವಾರ. ಅಷ್ಟರಲ್ಲಿ ಆ ಗಿರಾಕಿ ಬೇರೆ ಗಾಡಿ ಕೊಂಡಿದ್ದರು. ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮಾರುವ ಯೋಚನೆ ಬಂದ ದಿನವೇ ವಾಹನ್‌ನಲ್ಲಿ ನಿಮ್ಮ ಗಾಡಿಯ ಸ್ಥಿತಿ ತೆರೆದು ನೋಡಿ. ಹೈಪಾಥಿಕೇಶನ್ ಇದ್ದರೆ ಫಾರಂ 35, ಬ್ಯಾಂಕಿನ ಎನ್‌ಒಸಿ ಜೊತೆ ಅರ್ಜಿ ಹಾಕಿ ತೆಗೆಸಿ.

ಅದೇ ಹೊತ್ತಿಗೆ ಇನ್ನೊಂದು ಸಿಕ್ಕು. ಆರ್‌ಸಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು. ಆಧಾರ್ ಒಟಿಪಿ ಮೂಲಕ ಮನೆಯಿಂದಲೇ ಆರ್‌ಟಿಒ ಅರ್ಜಿ ಹಾಕುವ ದಾರಿ ಇದರಿಂದ ಮುಚ್ಚಿತು, ಕಚೇರಿಗೇ ಹೋಗಬೇಕಾಯಿತು. ನೋಂದಣಿಯ ಕಾಲದ ಮೊಬೈಲ್ ಸಂಖ್ಯೆ ಈಗಿನದಲ್ಲದಿದ್ದರೆ ಅದನ್ನೂ ಮೊದಲೇ ಬದಲಿಸಿ, ಒಟಿಪಿ ಹೋಗುವುದು ಅಲ್ಲಿಗೇ. ಎಚ್‌ಎಸ್‌ಆರ್‌ಪಿ ಫಲಕ, ಚಾಲ್ತಿ ವಿಮೆ, ಎಮಿಷನ್ ಸರ್ಟಿಫಿಕೇಟ್ ಇರಲಿ. ಟ್ರಾಫಿಕ್ ದಂಡ ಬಾಕಿ ಇಲ್ಲದಿರಲಿ. ನನ್ನ ಮೇಲಿದ್ದ ಎರಡು ಹಳೆಯ ದಂಡಗಳನ್ನು ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಸರ್ಕಾರ ಕೊಟ್ಟ ಶೇ 50ರ ರಿಯಾಯಿತಿಯಲ್ಲಿ ಕಟ್ಟಿದ್ದೆ.

ಡಿಸೆಂಬರ್‌ನಲ್ಲಿ ಕೇರಳದವರೊಬ್ಬರು ಗಂಭೀರವಾಗಿ ಕೇಳಿದರು. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ಫಾರಂ 28ರ ಎನ್‌ಒಸಿ ಬೇಕು, ಅಲ್ಲಿ ಮತ್ತೆ ಆಜೀವ ತೆರಿಗೆ ಕಟ್ಟಬೇಕು. ಕರ್ನಾಟಕದ ತೆರಿಗೆಯ ಉಳಿದ ಭಾಗ ಹೊಸ ನೋಂದಣಿ ಆದ ಮೇಲೆ ವಾಪಸ್ ಕೇಳಬಹುದಾದರೂ ಆ ಹಣ ಬರುವ ದಿನ ಯಾರೂ ಹೇಳುವುದಿಲ್ಲ. ಅವರು ತೆರಿಗೆಯನ್ನೆಲ್ಲ ನನ್ನ ಬೆಲೆಯಿಂದಲೇ ಕಳೆದರು, ಮಾತು ಮುರಿಯಿತು. ನಿಧಾನದ ಮಾರುಕಟ್ಟೆಯಲ್ಲಿ ರಾಜ್ಯದೊಳಗಿನ ಗಿರಾಕಿಗೆ ಮೂವತ್ತು ನಲವತ್ತು ಸಾವಿರ ಕಡಿಮೆಗೆ ಕೊಟ್ಟರೂ ಲಾಭವೇ.

ಧನುರ್ಮಾಸದಲ್ಲಿ ಜಾಹೀರಾತು ಪೂರ್ತಿ ತೆಗೆದುಬಿಟ್ಟೆ. ಆ ದಿನಗಳಲ್ಲಿ ದೇವರಾಯನದುರ್ಗದ ತಪ್ಪಲಲ್ಲಿ ಬೆಳಗ್ಗೆ ಆರೂವರೆಯ ಬೆಳಕಿನಲ್ಲಿ ಹೊಸ ಫೋಟೋ ತೆಗೆದೆ. ಹೊರಗಿನ ಅಂದದ ಚಿತ್ರ ಆರು ಸಾಕು. ಉಳಿದವು ಟೈರ್ ಸಂಕೇತ, ಅಲಾಯ್ ಗೀರು, ಚಾಲಕನ ಸೀಟಿನ ಎಡ ಅಂಚು, ಅಡಿಭಾಗ, ಬಿಲ್ಲುಗಳು, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ಒಂದು ನಿಮಿಷದ ವಿಡಿಯೊ. 2019ರಲ್ಲಿ ಎಡ ಬಾಗಿಲಿಗೆ ಬಣ್ಣ ಆಗಿದೆ ಎಂಬುದನ್ನು ವಿಮೆ ಕ್ಲೇಮಿನ ಕಾಗದದ ಸಮೇತ ಹಾಕಿದೆ. ಸಂಕ್ರಾಂತಿಯ ಮರುದಿನ 24.9ಕ್ಕೆ ಪ್ರಕಟಿಸಿದೆ. ನಾಲ್ಕನೇ ದಿನ ಮೈಸೂರಿನಿಂದ ಕರೆ.

ಅವರು ತಮ್ಮ ತಂತ್ರಜ್ಞನ ಜೊತೆ ಬಂದರು. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟರು. ಕಾರ್ಖಾನೆ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. ಎಲ್ಲ ಕಡೆ 110ರಿಂದ 130, ಎಡ ಬಾಗಿಲಲ್ಲಿ 240. ಹೇಳಿದ್ದಕ್ಕೆ ಸರಿಹೊಂದಿತು, ಅಲ್ಲಿಂದ ಮಾತಿನ ಧಾಟಿಯೇ ಬದಲಾಯಿತು. ಟೆಸ್ಟ್ ಡ್ರೈವ್‌ಗೆ ಊರೊಳಗಿನ ಹಂಪುಗಳ ದಾರಿ ಬೇಡ, ಅಡಿ ತಾಗಿದ ಸದ್ದು ಒಂದು ಸಲ ಕೇಳಿದರೂ ಮನಸ್ಸು ಮುರಿಯುತ್ತದೆ. ಕ್ಯಾತ್ಸಂದ್ರದಿಂದ ಡಾಬಸ್‌ಪೇಟೆ ಕಡೆಗೆ ಹೆದ್ದಾರಿ ಒಳ್ಳೆಯದು. ಹೋಗುವಾಗ ನಾವು ಓಡಿಸಬೇಕು, ಬರುವಾಗ ಅವರು. ಮೊದಲೇ ಅವರ ಡಿಎಲ್ ಫೋಟೋ ತೆಗೆದುಕೊಳ್ಳಿ.

23.4ಕ್ಕೆ ಮುಗಿಯಿತು. ಟೋಕನ್ 50 ಸಾವಿರ, ಬಾಕಿ ಆರ್‌ಟಿಜಿಎಸ್. ನಗದು ಎರಡು ಲಕ್ಷ ಮುಟ್ಟುವಂತಿಲ್ಲ, ಆದಾಯ ತೆರಿಗೆ ಕಾನೂನಿನಲ್ಲಿ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡವಿದೆ. ಹಣ ಬಂದದ್ದನ್ನು ಎಸ್‌ಎಂಎಸ್ ಅಥವಾ ಸ್ಕ್ರೀನ್‌ಶಾಟ್ ನೋಡಿ ನಂಬಬೇಡಿ, ನಿಮ್ಮ ಖಾತೆ ತೆರೆದು ನೋಡಿ. ಕೊಳ್ಳುವವರು ಹೊಸ ಖಾತೆ ಸೇರಿಸಿದ ದಿನ ದೊಡ್ಡ ಮೊತ್ತ ಹೋಗದಂತೆ ಬ್ಯಾಂಕುಗಳು ಮಿತಿ ಹಾಕುತ್ತವೆ, ಹಿಂದಿನ ದಿನವೇ ಸೇರಿಸಿಕೊಳ್ಳಲು ಹೇಳಿ. ಸ್ವಂತ ಬಳಕೆಯ ಗಾಡಿ ಮಾರಿದ ಹಣಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ, ವ್ಯವಹಾರದ ಲೆಕ್ಕದಲ್ಲಿ ಸವಕಳಿ ತೋರಿಸಿದ್ದರೆ ಮಾತ್ರ ಲೆಕ್ಕಪರಿಶೋಧಕರನ್ನು ಕೇಳಬೇಕು.

ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷ, ಓಡೋಮೀಟರ್ ಅಂಕಿ ಬರೆದು ಇಬ್ಬರೂ ಸಹಿ ಹಾಕಿದೆವು. ಆ ನಿಮಿಷದ ನಂತರದ ದಂಡಗಳಿಗೆ ಅದೇ ಸಾಕ್ಷಿ. ಅವರ ಆಧಾರ್, ಪ್ಯಾನ್ ಪ್ರತಿ ಇಟ್ಟುಕೊಂಡೆ. ಎರಡೂ ಕೀಲಿ, ಸರ್ವೀಸ್ ದಾಖಲೆ, ಸ್ಟೆಪ್ನಿ ಇಲ್ಲದ ಗಾಡಿಯಾದ್ದರಿಂದ ಪಂಕ್ಚರ್ ಕಿಟ್, ಚಕ್ರದ ಲಾಕ್ ಬೋಲ್ಟಿನ ಅಡಾಪ್ಟರ್ ಕೊಟ್ಟೆ. ಈ ಅಡಾಪ್ಟರ್ ಕಳೆದುಹೋಗಿದ್ದರೆ ಚಕ್ರ ಬಿಚ್ಚಲಾಗದೆ ತಪಾಸಣೆಯೇ ನಿಲ್ಲುತ್ತದೆ, ಮೊದಲೇ ಹುಡುಕಿಡಿ. ಸಿಸ್ಟಂನಲ್ಲಿರುವ ಫೋನ್ ಸಂಪರ್ಕ, ಮನೆಯ ವಿಳಾಸ ಅಳಿಸಿ.

ವರ್ಗಾವಣೆಗೆ ಫಾರಂ 29 ಎರಡು ಪ್ರತಿ, ಫಾರಂ 30, ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚು, ವಿಮೆ, ಎಮಿಷನ್ ಸರ್ಟಿಫಿಕೇಟ್. ಟಿಟಿ ಪೂರ್ತಿ ಆಮದಾದ ಗಾಡಿ. ಆಮದು ವಾಹನದ ನೋಂದಣಿ ಶುಲ್ಕ 5,000, ವರ್ಗಾವಣೆಗೆ ಅದರ ಅರ್ಧ. ಸಾಮಾನ್ಯ ಕಾರಿನ 300 ರೂಪಾಯಿ ಎಂದುಕೊಂಡು ಹೋದರೆ ಅರ್ಜಿ ತುಂಬುವಾಗ ಗೊಂದಲವಾಗುತ್ತದೆ. ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಕೊಂಡವರ ಮೇಲೆ ಬಿಟ್ಟು ಸುಮ್ಮನಿರಬೇಡಿ. ನಾನು ಕೊನೆಯ 50 ಸಾವಿರವನ್ನು ಅರ್ಜಿಯ ಸ್ವೀಕೃತಿ ಸಂಖ್ಯೆ ಬಂದ ಮೇಲೆ ಕೊಡುವಂತೆ ಕರಾರಿನಲ್ಲೇ ಬರೆಸಿದ್ದೆ. ಅದು ಅವರಿಗೂ ನೆಮ್ಮದಿ, ನನಗೂ ನೆಮ್ಮದಿ.

ವಿಮೆಯನ್ನು ಅವರು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ಮಾಲೀಕನದು. ನನ್ನದು ಶೇ 50 ಇತ್ತು. ಉಳಿದ ಅವಧಿಗೆ ಆ ರಿಯಾಯಿತಿಯ ವ್ಯತ್ಯಾಸವನ್ನು ಕೊಂಡವರಿಂದ ವಿಮಾ ಕಂಪನಿ ವಸೂಲು ಮಾಡುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಕೊನೆಯ ದಿನ ಜಗಳವಾಗುತ್ತದೆ. ಬೋನಸ್ ಉಳಿಸಿಕೊಳ್ಳುವ ಪತ್ರ ಕೇಳಿ ಪಡೆದರೆ ಮೂರು ವರ್ಷದೊಳಗೆ ಮುಂದಿನ ಗಾಡಿಗೆ ಬಳಸಬಹುದು. ಫಾಸ್ಟ್ಯಾಗ್ ಅನ್ನು ಗಾಡಿ ಕೊಡುವ ದಿನವೇ ಗಾಜಿನಿಂದ ಕಿತ್ತು ಬ್ಯಾಂಕಿನಲ್ಲಿ ಮುಚ್ಚಿಸಬೇಕು. ನಾನು ಮುಚ್ಚಿಸಲು ಎರಡು ದಿನ ತಡ ಮಾಡಿದ್ದಕ್ಕೆ ಅವರ ಹೊಸ ಫಾಸ್ಟ್ಯಾಗ್ ಚಾಲೂ ಆಗಲಿಲ್ಲ. ಒಂದು ಗಾಡಿಗೆ ಒಂದೇ ಫಾಸ್ಟ್ಯಾಗ್ ಇರಬಹುದಾದ್ದರಿಂದ ಮೈಸೂರಿನವರೆಗೆ ಟೋಲ್‌ಗಳಲ್ಲಿ ಅವರು ಹೆಚ್ಚಿನ ಶುಲ್ಕ ಕಟ್ಟಿದರು. ಆ ಹಣವನ್ನು ಅವರಿಗೆ ಕಳಿಸಿದೆ.

ಆರ್‌ಸಿ ಅವರ ಹೆಸರಿಗೆ ಬದಲಾದದ್ದು ಹತ್ತೊಂಬತ್ತನೇ ದಿನ. ಆ ಪುಟದ ಪ್ರತಿಯನ್ನು ಡೆಲಿವರಿ ನೋಟ್ ಜೊತೆ ಅದೇ ಹಳೆಯ ಫೈಲಿಗೆ ಸೇರಿಸಿಟ್ಟಿದ್ದೇನೆ.